ಅಜ್ಜಿಗೊಂದು ಕುರ್ಚಿ

ನಮ್ಮೂರಿನಲ್ಲಿ ಯಾರ ಮನೆಗೆ ಹೋದರೂ, ಕುರ್ಚಿ ನಿಮ್ಮ ಕಡೆ ತಿರುಗಲಿಲ್ಲವೆಂದು ಬೇಜಾರು ಮಾಡಿಕೊಳ್ಳಬಾರದು. ಅದನ್ನು ಮಾಡಿದವರು ನಿಮ್ಮನ್ನು ನೆನೆದು ಮೊಳೆ ಹೊಡೆದಿರುವುದಿಲ್ಲ, ಅಷ್ಟೇ. ಯಾರನ್ನು ನೆನೆದು ಹೊಡೆದಿರುತ್ತಾರೋ ಅವರು ಒಳಗೆ ಬಂದರೆ ಸಾಕು, ಕುರ್ಚಿ ಕಿರ್ರೆಂದು ಕಾಲೆಳೆದುಕೊಂಡು, ನಿಂತ ಜಾಗದಲ್ಲೇ ಸುತ್ತಿ, ಅವರತ್ತ ಮಡಿಲು ಮಾಡುತ್ತದೆ. ಅವರು ಅಡುಗೆಮನೆಗೆ ಹೋದರೆ ಅಡುಗೆಮನೆಯತ್ತ, ಹಿತ್ತಲಿಗೆ ಹೋದರೆ ಹಿತ್ತಲಿನತ್ತ. ಬೆಂಚು, ಮಂಚ, ಮಣೆ ಎಲ್ಲವೂ ಹೀಗೆಯೇ. ಶಾಲೆಯ ಬೆಂಚುಗಳನ್ನು ಯಾರೋ ಹಸಿದ ಹೊತ್ತಿನಲ್ಲಿ ಮಾಡಿದ್ದರು. ಹೋಟೆಲಿನ ವೆಂಕಪ್ಪಯ್ಯನವರು ಆ ಬೀದಿಯಲ್ಲಿ ಹಾದುಹೋದರೆ ಇವತ್ತಿಗೂ ತರಗತಿಗೆ ತರಗತಿಯೇ ಕಿಟಕಿಯ ಕಡೆ ತಿರುಗಿಬಿಡುತ್ತದೆ. ಮೇಷ್ಟರು ಸೀಮೆಸುಣ್ಣ ಹಿಡಿದುಕೊಂಡು ಅವರು ದಾಟಿಹೋಗುವವರೆಗೆ ಕಾಯುತ್ತಾರೆ. ಜವಳಿ ಅಂಗಡಿಯ ರುದ್ರಪ್ಪನವರ ಮನೆಯಲ್ಲಿ ಮಂಚದ ಕಾಲುಗಳಿಗೆ ಸಿಮೆಂಟು ಹಾಕಿ ನೆಲಕ್ಕೆ ಕೂರಿಸಿದ್ದಾರೆ. ಯಾಕೆಂದು ಅವರ ಹೆಂಡತಿಯನ್ನು ಯಾರೂ ಕೇಳುವುದಿಲ್ಲ.

ನನ್ನಂಥವಳ ಕೈಗೆ ಸುತ್ತಿಗೆ ಕೊಡಬಾರದೆಂದು ಅಮ್ಮ ಮೊದಲಿನಿಂದಲೂ ಹೇಳುತ್ತಿದ್ದಳು. ಅಕ್ಕಿ ತೊಳೆಯುತ್ತ ತೊಳೆಯುತ್ತ ನನ್ನ ಮನಸ್ಸು ಎಲ್ಲಿಗೋ ಹೋಗಿ, ನೀರಿನ ಜೊತೆ ಅಕ್ಕಿಯೂ ಬಚ್ಚಲಿಗೆ ಹೋಗುತ್ತಿತ್ತು. ತಪ್ಪು ನನ್ನದಲ್ಲ, ಅಜ್ಜಿಯದು ಎಂದು ನಾನು ವಾದಿಸುತ್ತಿದ್ದೆ. ಚಿಕ್ಕಂದಿನಿಂದ ತನ್ನ ತೊಡೆಯ ಮೇಲೆ ಮಲಗಿಸಿಕೊಂಡು, ಹುಣಸೆಬೀಜದೊಳಗೆ ಮನೆ ಮಾಡಿದ್ದ ಹುಡುಗಿ, ನೆರಳನ್ನು ಒಗೆದು ಒಣಗಿಹಾಕುತ್ತಿದ್ದ ಅಗಸಗಿತ್ತಿ, ಇಂಥವರನ್ನೆಲ್ಲ ನನ್ನ ತಲೆಯೊಳಗೆ ಬಿಟ್ಟು ಬೆಳೆಸಿದರೆ ನಾನು ಅಕ್ಕಿಯನ್ನು ನೋಡಲೇ, ಅವರನ್ನು ನೋಡಲೇ?

ಅಜ್ಜಿಯ ಹೆಸರು ಪುಟ್ಟನಂಜಮ್ಮ. ಅಪ್ಪನ ತಾಯಿ. ಅವಳಿಗೆ ಒಂದು ಕುರ್ಚಿಯಿತ್ತು, ಅಜ್ಜ ಮಾಡಿದ್ದು. ಅಜ್ಜನ ಹೊಸ ಕೊಡೆಯನ್ನು ಅವಳು ಯಾರಿಗೋ ಕೊಟ್ಟುಬಿಟ್ಟಿದ್ದಳಂತೆ. ಆ ಸಿಟ್ಟಿಗೆ ಅಜ್ಜ ಮಾತು ಬಿಟ್ಟು, ಹಿತ್ತಲಿನಲ್ಲಿ ಕುಳಿತು, ಒಂದೊಂದು ಮೊಳೆಗೂ ಅವಳನ್ನು ಒಂದೊಂದು ಬೈಗುಳ ಬೈಯುತ್ತ ಆ ಕುರ್ಚಿ ಮಾಡಿದ. ಅಂಥ ನಿಷ್ಠೆಯ ಕುರ್ಚಿ ಊರಿನಲ್ಲೇ ಇರಲಿಲ್ಲ. ಅಜ್ಜ ಹೋದ ಮೇಲೂ ಅದು ಅಜ್ಜಿಯ ಹಿಂದೆಯೇ ಸುತ್ತುತ್ತಿತ್ತು. ಜಾರಿ ಬಿದ್ದು ಅವಳ ಸೊಂಟ ಸೋತ ಮೇಲಂತೂ ಅದೇ ಅವಳ ಅರ್ಧ ಜೀವ. ಅವಳು ಸೊಂಟ ತಿರುಗಿಸಿ ಹಿಂದೆ ನೋಡುವ ಹಾಗಿಲ್ಲ, ಬಗ್ಗುವ ಹಾಗಿಲ್ಲ, ಒಂದು ಸ್ಟೂಲನ್ನೂ ಎಳೆದುಕೊಳ್ಳುವ ಹಾಗಿಲ್ಲ. ಆದರೆ ಕೋಲೂರಿಕೊಂಡು ಕುರ್ಚಿಯ ಹತ್ತಿರ ಬಂದು ಬೆನ್ನು ಮಾಡಿ ನಿಂತರೆ ಅದು ತಾನೇ ಮಡಿಲೊಡ್ಡುತ್ತಿತ್ತು, ಅವಳು ಸುಮ್ಮನೆ ಕೂತುಬಿಡುತ್ತಿದ್ದಳು. ಯಾರನ್ನೂ ಕರೆಯಬೇಕಾಗಿರಲಿಲ್ಲ. ಅಜ್ಜಿಗೆ ಬೇಕಾಗಿದ್ದೂ ಅದೇ. ಒಂದು ಲೋಟ ನೀರಿಗೂ ಯಾರನ್ನೂ ಕರೆದವಳಲ್ಲ ಅವಳು.

ಆ ಕುರ್ಚಿಗೆ ಗೆದ್ದಲು ಹತ್ತಿತು. ಹೊರಗೆ ಏನೂ ಕಾಣಿಸುತ್ತಿರಲಿಲ್ಲ. ಒಂದು ಬೆಳಿಗ್ಗೆ ಅಮ್ಮ ಗುಡಿಸುವಾಗ ಪೊರಕೆ ತಾಗಿದ್ದಕ್ಕೆ ಹಿಂಗಾಲು ಪುಡಿಯಾಗಿ ಉದುರಿತು. ಅಜ್ಜಿ ಮಂಚದ ಮೇಲೆ ಕುಳಿತೇ ಅದನ್ನು ನೋಡಿದಳು. “ಅವರ ಸಿಟ್ಟು ಇಷ್ಟು ದಿನ ಬಾಳಿಕೆ ಬಂತಲ್ಲ, ಸಾಕು ಬಿಡು,” ಅಂದಳು. ಅಂದು ಮಧ್ಯಾಹ್ನದಿಂದ ಅವಳು ನೀರು ಕುಡಿಯುವುದನ್ನು ಕಡಿಮೆ ಮಾಡಿದಳು. ಕುಡಿದರೆ ಏಳಬೇಕು, ಎದ್ದರೆ ಮತ್ತೆ ಕೂರಬೇಕು, ಕೂರಬೇಕೆಂದರೆ ಅಮ್ಮನನ್ನೋ ನನ್ನನ್ನೋ ಕರೆಯಬೇಕು. ತುಟಿ ಒಡೆದು ಬಿಳಿಚಿಕೊಂಡಿದ್ದರೂ “ಬಾಯಾರಿಕೆ ಇಲ್ಲ ಕಣೆ” ಅನ್ನುತ್ತಿದ್ದಳು.

ಬಡಗಿಯ ಹತ್ತಿರ ಮಾಡಿಸಬಹುದಿತ್ತು. ಆದರೆ ಹಾಗೆ ಮಾಡಿಸುವಾಗ ಕೂರುವವರು ಹೋಗಿ ಬಡಗಿಯ ಎದುರಿಗೆ ದಿನವಿಡೀ ಮಾತಾಡುತ್ತ ಕುಳಿತಿರಬೇಕು. ಅಜ್ಜಿಗೆ ಅದೆಲ್ಲಿ ಸಾಧ್ಯ? ಅಲ್ಲದೆ ಬಡಗಿಯ ನೆನಪು ಒಂದೆರಡು ಮಳೆಗಾಲಕ್ಕೆ ಮಾಸಿಹೋಗುತ್ತದೆ. ಮನೆಯವರು ಮಾಡಿದ್ದೇ ಕೊನೆಯವರೆಗೂ ತಿರುಗುವುದು. ಅಮ್ಮನೇನೋ ಮಾಡುತ್ತಿದ್ದಳು, ಆದರೆ ಅವಳು ಏನು ಬಡಿದರೂ ಅದು ಲಾರಿ ಓಡಿಸುವ ಅಪ್ಪನ ದಾರಿಯನ್ನೇ ಕಾಯುತ್ತದೆ. ನಮ್ಮ ಮನೆಯ ಮಣೆಗಳೆಲ್ಲ ಅಪ್ಪ ಊರಿಗೆ ಬಂದ ದಿನ ಮಾತ್ರ ಜೀವ ಬಂದ ಹಾಗೆ ಆಡುತ್ತವೆ.

“ನಾನು ಮಾಡ್ತೀನಿ,” ಅಂದೆ.

ಅಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ನೀನಾ? ಮೊಳೆ ಹೊಡೀತಾ ಯಾವ ಲೋಕಕ್ಕೆ ಹೋಗ್ತೀಯೋ ಏನೋ. ಕುರ್ಚಿ ಆಕಾಶ ನೋಡ್ತಾ ಕೂತ್ಕೊಳ್ಳುತ್ತೆ.”

“ಮಾಡ್ಲಿ ಬಿಡೆ,” ಅಂದಳು ಅಜ್ಜಿ. “ಅವಳು ಬೆಳೆದಿದ್ದೇ ನನ್ನ ತೊಡೆ ಮೇಲೆ. ನನ್ನನ್ನ ನೆನೆಸ್ಕೊಳ್ಳೋಕೆ ಅವಳಿಗೇನು ಕಷ್ಟ?”

ನಮ್ಮೂರಿನಲ್ಲಿ ಹೊಸ ಸಾಮಾನಿಗೆ ಹಳೆಯ ಸಾಮಾನಿನ ಮರ ಆಗುವುದಿಲ್ಲ. ಅದು ಮೊದಲಿನವರನ್ನು ಮರೆಯುವುದಿಲ್ಲ. ಅದಕ್ಕೇ ಎಲ್ಲರೂ ದಸ್ತಗಿರಿ ಸಾಬರ ಮರದ ಅಡ್ಡೆಗೆ ಹೋಗುವುದು. ಗೂಡ್ಸ್ ಶೆಡ್ಡಿನ ಹಿಂದೆ ಅವರು ಪ್ಯಾಲೆಟ್ಟುಗಳನ್ನು ರಾಶಿ ಹಾಕಿಕೊಂಡಿದ್ದಾರೆ. ಮೂಟೆ, ಡಬ್ಬ, ಯಂತ್ರದ ಬಿಡಿಭಾಗ ನೆಲಕ್ಕೆ ತಾಕದ ಹಾಗೆ ಹೊತ್ತುಕೊಂಡು ಬರುವ ಹಲಗೆಯ ಚೌಕಟ್ಟುಗಳು. ಎಲ್ಲೋ ದೂರದಲ್ಲಿ, ಯಾರನ್ನೂ ನೆನೆಯದೆ, ಗಡಿಬಿಡಿಯಲ್ಲಿ ಬಡಿದದ್ದು. ಅವು ಯಾರ ಕಡೆಗೂ ತಿರುಗುವುದಿಲ್ಲ. ಸಾಮಾನು ಇಳಿದ ಮೇಲೆ ಅನಾಥವಾಗಿ ಬಿಸಿಲಿಗೆ ಬೂದಿ ಬಣ್ಣಕ್ಕೆ ತಿರುಗಿ ಬಿದ್ದಿರುತ್ತವೆ.

“ಎಣ್ಣೆ ಕಲೆ ಇರೋದು ಮುಟ್ಟಬೇಡಮ್ಮ,” ಅಂದರು ಸಾಬರು, ರಾಶಿಯ ಮೇಲೆ ಕೋಲಿನಿಂದ ತಟ್ಟುತ್ತ. “ಔಷಧಿ ವಾಸನೆ ಬರೋದೂ ಬೇಡ, ಅಜ್ಜಿ ಮೈಗೆ ತಾಗೋದು. ಇದು ನೋಡು, ಬಿಸ್ಕತ್ತು ಬಂದಿದ್ದು, ಚೊಕ್ಕಟವಾಗಿದೆ. ಬಿಚ್ಚುವಾಗ ಏನು ಬೇಕಾದ್ರೂ ಯೋಚನೆ ಮಾಡ್ಕೋ. ಕೂಡಿಸುವಾಗ ಮಾತ್ರ ತಲೆ ಅಲ್ಲಾಡಿಸಬೇಡ.”

ಬಿಚ್ಚುವುದೇ ಅರ್ಧ ಕೆಲಸ. ಪ್ಯಾಲೆಟ್ಟಿನ ಮೊಳೆಗಳು ತಿರುಚಿದಂತೆ ಇರುತ್ತವೆ, ಕಚ್ಚಿದರೆ ಬಿಡುವುದಿಲ್ಲ. ಹಾರೆ ತೂರಿಸಿ ಎಬ್ಬಿಸಹೋದರೆ ಹಲಗೆಯೇ ಸೀಳುತ್ತದೆ. ಒಂದಿಷ್ಟು ಸೀಳಿದವು, ಒಂದಿಷ್ಟು ಉಳಿದವು. ಬಾಗಿದ ಮೊಳೆಗಳನ್ನು ಒಗೆಯುವ ಕಲ್ಲಿನ ಮೇಲಿಟ್ಟು ತಟ್ಟಿ ನೆಟ್ಟಗೆ ಮಾಡಿದೆ. ಉಪ್ಪುಕಾಗದದಿಂದ ತಿಕ್ಕಿದಾಗ ಬೂದಿ ಬಣ್ಣದ ಕೆಳಗಿನಿಂದ ಜೇನಿನ ಬಣ್ಣ ಎದ್ದು ಬಂತು, ರಾಳದ ವಾಸನೆ ಬಂತು. ನನಗೆ ಮೈ ಝುಮ್ಮೆಂದಿತು. ಮೊಬೈಲಿನಲ್ಲಿ ಇಂಥ ಕೆಲಸದ ವಿಡಿಯೊಗಳನ್ನು ನಾನು ಎಷ್ಟು ನೋಡಿದ್ದೆನೋ. ಹಳೆಯ ಮೊಳೆಯ ತೂತುಗಳನ್ನು, ಕಪ್ಪು ಮಸಿಯ ಮುದ್ರೆಗಳನ್ನು ಅಳಿಸದೆ ಹಾಗೆಯೇ ಬಿಟ್ಟು, ಒರಟೊರಟಾಗಿ ಚೆಂದ ಕಾಣಿಸುವ ಹಾಗೆ ಮಾಡುತ್ತಾರೆ. ನಮ್ಮೂರಿನಲ್ಲಿ ಅಂಥದ್ದನ್ನು ಯಾರೂ ಮಾಡಿರಲಿಲ್ಲ.

ಕೂಡಿಸಲು ಕುಳಿತಾಗ ಮೊದಲ ಮೊಳೆಗೆ ಅಜ್ಜಿಯನ್ನೇ ನೆನೆದೆ. ಅಜ್ಜಿ ಕೂರುತ್ತಾಳೆ, ಎಲ್ಲರೂ ನೋಡುತ್ತಾರೆ. ಎರಡು ಮನೆ ಆಚೆಯ ಚಿಕ್ಕತಾಯಮ್ಮ ಕುರ್ಚಿಯ ಕೈಹಿಡಿಯನ್ನು ಸವರಿ “ಯಾರೇ ಮಾಡಿದ್ದು?” ಎಂದು ಕೇಳುತ್ತಾಳೆ. ಅಮ್ಮ ಸುಮ್ಮನೆ ನನ್ನ ಕಡೆ ಕೈ ತೋರಿಸುತ್ತಾಳೆ. ಆಗ ನಾನು ಏನೂ ಆಗದವಳ ಹಾಗೆ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋಗುತ್ತೇನೆ. ಹುಣಸೆಬೀಜದ ಹುಡುಗಿ ಕೊನೆಗೊಮ್ಮೆ ಬೀಜ ಒಡೆದುಕೊಂಡು ಹೊರಗೆ ಬಂದಾಗ ಇಡೀ ಆಸ್ಥಾನ ಎದ್ದು ನಿಲ್ಲುತ್ತದಲ್ಲ, ಹಾಗೆ. ಯಾವ ಸೀರೆ ಉಡಲಿ ಎಂದೂ ಯೋಚಿಸಿದೆ. ಸುತ್ತಿಗೆ ತಾನೇ ಏಳುತ್ತಿತ್ತು, ತಾನೇ ಬೀಳುತ್ತಿತ್ತು. ಇಷ್ಟು ಸಂತೋಷದಿಂದ ನಾನು ಯಾವ ಕೆಲಸವನ್ನೂ ಮಾಡಿರಲಿಲ್ಲ. ಅಗಸೆ ಎಣ್ಣೆ ಬಳಿದು, ಬಟ್ಟೆಯಲ್ಲಿ ಒರೆಸಿ, ದೂರ ನಿಂತು ನೋಡಿದೆ. ಅದೂ ನನ್ನನ್ನು ನೋಡುತ್ತಿತ್ತು. ಮಾಡಿದವಳು ನಾನೇ ಎದುರಿಗೆ ನಿಂತಿದ್ದೇನಲ್ಲ, ಇನ್ನೆತ್ತ ನೋಡೀತು ಎಂದುಕೊಂಡೆ.

ಹೊಸ ಆಸನವಾದರೆ ಕೂರಿಸುವ ಶಾಸ್ತ್ರ ಮಾಡಬೇಕು. ಅಕ್ಕಪಕ್ಕದವರನ್ನು ಕರೆದು, ಕೂರುವವರು ಕುರ್ಚಿಯ ಸುತ್ತ ಒಂದು ಸುತ್ತು ಬಂದು, ಅದು ತಮ್ಮ ಜೊತೆಯಲ್ಲೇ ಸುತ್ತುವುದನ್ನು ಎಲ್ಲರಿಗೂ ತೋರಿಸಿ, ಆಮೇಲೆ ಬೆನ್ನು ಮಾಡಿ ಕೂರುವುದು. ಕೂರುವಾಗ ಹಿಂದೆ ನೋಡಬಾರದು. ನೋಡಿದರೆ ಮಾಡಿದವರ ಮೇಲೆ ನಂಬಿಕೆ ಇಲ್ಲವೆಂದು ಅರ್ಥ. ಬೀದಿಯ ಹೆಂಗಸರೆಲ್ಲ ಬಂದರು. ನಾನು ಹಸಿರು ಸೀರೆ ಉಟ್ಟಿದ್ದೆ. ಚಿಕ್ಕತಾಯಮ್ಮ ತನ್ನ ಸೊಸೆಯನ್ನೂ ಕರೆದುಕೊಂಡು ಬಂದು, ನಾನು ಅಂದುಕೊಂಡ ಹಾಗೆಯೇ, ಕೈಹಿಡಿಯನ್ನು ಸವರಿದಳು.

“ಪರವಾಗಿಲ್ವೇ ವಾರಿಜಾ! ಮೂಟೆ ಹೊತ್ತ ಹಲಗೆ ಅಂದ್ರೆ ಯಾರೂ ನಂಬಲ್ಲ ಕಣೆ.”

ಅಜ್ಜಿಯ ಮೊಣಕೈ ಹಿಡಿದುಕೊಂಡು ಸುತ್ತು ಬರಿಸಿದೆ. ಕುರ್ಚಿ ಕಿರ್ ಕಿರ್ ಎನ್ನುತ್ತ ನಮ್ಮ ಜೊತೆಗೇ ಸುತ್ತಿತು. “ಆಹಾ, ಹೇಗೆ ನೋಡುತ್ತೆ ನೋಡಿ,” ಎಂದು ಯಾರೋ ಅಂದರು. ಅಜ್ಜಿ ಬೆನ್ನು ಮಾಡಿ ನಿಂತು, ಕೋಲನ್ನು ಅಮ್ಮನ ಕೈಗೆ ಕೊಟ್ಟು, “ಇನ್ನು ಬಿಡೆ, ನಾನೇ ಕೂರ್ತೀನಿ,” ಅಂದಳು. ನಾನು ಅವಳ ಮೊಣಕೈ ಬಿಟ್ಟೆ. ಫೋಟೊ ತೆಗೆಯಲು ಕಿಟಕಿಯ ಬೆಳಕಿನ ಕಡೆ ಸರಸರನೆ ಹೋದೆ. ಮೊಬೈಲು ಎತ್ತಿದಾಗ ಪರದೆಯ ಮೇಲೆ ಕುರ್ಚಿಯ ಮಡಿಲು ನೆಟ್ಟಗೆ ನನಗೇ ಕಾಣುತ್ತಿತ್ತು. ಎಷ್ಟು ಚೆನ್ನಾಗಿ ಬರುತ್ತಿದೆ ಎಂದುಕೊಂಡೆ. ಅದು ಅಜ್ಜಿಗೆ ಪಕ್ಕೆ ಕೊಟ್ಟು ನಿಂತಿದೆ ಎಂಬುದು ಹೊಳೆಯುವಷ್ಟರಲ್ಲಿ ಅಜ್ಜಿ ಹಿಂದೆ ನೋಡದೆ, ಪೂರಾ ನಂಬಿಕೆಯಿಂದ, ಕೂತುಬಿಟ್ಟಳು.

ಕೈಹಿಡಿಯ ಅಂಚು ಅವಳ ಸೊಂಟಕ್ಕೆ ಬಡಿಯಿತು. ಒಂದು ಕೈಯಿಂದ ಗಾಳಿಯನ್ನು ಹಿಡಿದುಕೊಳ್ಳಲು ನೋಡಿದಳು. ಅಷ್ಟರಲ್ಲಿ ನೆಲದ ಮೇಲಿದ್ದಳು.

“ಅಯ್ಯಯ್ಯೋ, ಹಿಡ್ಕೊಳ್ರೇ!” ಎಂದು ಎಲ್ಲರೂ ನುಗ್ಗಿದರು. ಅಮ್ಮ ಮತ್ತು ಚಿಕ್ಕತಾಯಮ್ಮ ಅವಳನ್ನು ಎತ್ತಿ ಮಂಚದ ಮೇಲೆ ಕೂರಿಸಿದರು. ಅಂಗೈ ತರಚಿ ರಕ್ತ ಬಂದಿತ್ತು. ಅಜ್ಜಿ ಸೀರೆಯ ಸೆರಗನ್ನು ಮೊಣಕಾಲ ಮೇಲೆ ಎಳೆದುಕೊಂಡು, “ಏನಿಲ್ಲ, ಏನಿಲ್ಲ,” ಅಂದಳು. ನಾನು ಅವಳ ಹತ್ತಿರ ಹೋದೆ; ಕುರ್ಚಿ ಅತ್ತ ತಿರುಗಿತು. ಔಷಧಿ ತರಲು ಗೋಡೆಯ ಗೂಡಿನತ್ತ ಹೋದೆ. ಅದು ಗೂಡಿನತ್ತ ತಿರುಗಿತು. ಹೆಂಗಸರ ತಲೆಗಳು ಕುರ್ಚಿಯಿಂದ ನನ್ನತ್ತ, ನನ್ನಿಂದ ಕುರ್ಚಿಯತ್ತ ಹೋದವು. ಚಿಕ್ಕತಾಯಮ್ಮನ ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಹೋಗ್ಲಿ ಬಿಡ್ರಿ,” ಅಂದಳು ಚಿಕ್ಕತಾಯಮ್ಮ. “ಹುಡುಗಿ ತನಗೊಂದು ಕುರ್ಚಿ ಮಾಡ್ಕೊಂಡಿದೆ, ತಪ್ಪೇನು?”

ತಂದಿಟ್ಟ ಹುರಿಗಡಲೆ ಬೆಲ್ಲವನ್ನು ಹಂಚದೆ ಇರುವ ಹಾಗಿಲ್ಲ. ನಾನೇ ತಟ್ಟೆ ಹಿಡಿದು ಒಬ್ಬೊಬ್ಬರ ಮುಂದೆ ಹೋದೆ. ಒಬ್ಬೊಬ್ಬರ ಮುಂದೆ ನಿಂತಾಗಲೂ ಹಿಂದಿನಿಂದ ಕಿರ್ ಎಂಬ ಸದ್ದು. ಬೆಲ್ಲ ತೆಗೆದುಕೊಂಡವರು ನನ್ನ ಮುಖ ನೋಡಲಿಲ್ಲ, ನನಗೆ ಅವರ ಬೆರಳುಗಳು ಮಾತ್ರ ಕಂಡವು. ನೆಲ ಬಿರಿದು ಒಳಗೆ ಹೋಗುವ ಹೆಣ್ಣುಗಳು ಅಜ್ಜಿಯ ಕಥೆಗಳಲ್ಲಿ ಬೇಕಾದಷ್ಟಿದ್ದರು. ನಮ್ಮ ಮನೆಗೆ ರೆಡ್ ಆಕ್ಸೈಡ್ ನೆಲ, ಅದು ಬಿರಿಯಲಿಲ್ಲ.

ಎಲ್ಲರೂ ಹೋದ ಮೇಲೆ ಅಮ್ಮ ಒಂದೇ ಮಾತು ಕೇಳಿದಳು. “ಏನು ನೆನೆಸ್ಕೊಂಡು ಹೊಡೆದೆ?”

ಕುರ್ಚಿಯೇ ಹೇಳುತ್ತಿತ್ತಲ್ಲ. ಅದರ ಮೇಲೆ ಬೆಡ್‌ಶೀಟ್ ಹೊದಿಸಿದೆ. ಬೆಡ್‌ಶೀಟಿನ ಕೆಳಗೆ ತಿರುಗಿತು. ಸಾಮಾನಿನ ಕೋಣೆಗೆ ಹಾಕಿ ಬಾಗಿಲು ಮುಚ್ಚಿದೆ. ನಾನು ನಡುಮನೆಯಲ್ಲಿ ಓಡಾಡಿದಾಗಲೆಲ್ಲ ಗೋಡೆಯಾಚೆಯಿಂದ ಕಾಲೆಳೆಯುವ ಸದ್ದು ಬರುತ್ತಿತ್ತು. ಆ ಸದ್ದು ಬಂದಾಗಲೆಲ್ಲ ಅಮ್ಮ ಮಾಡುತ್ತಿದ್ದ ಕೆಲಸ ನಿಲ್ಲಿಸುತ್ತಿದ್ದಳು, ಅಜ್ಜಿ ಮಾತ್ರ ಕೇಳಿಸದವಳ ಹಾಗೆ ಗೋಡೆ ನೋಡುತ್ತಿದ್ದಳು.

ಮೂಳೆಗೆ ಏನೂ ಆಗಿರಲಿಲ್ಲ. ಆದರೆ ಈಗ ಅಜ್ಜಿಯನ್ನು ಎಬ್ಬಿಸುವುದಕ್ಕೂ ನಾವಿಬ್ಬರೂ ಬೇಕಾಯಿತು. ಕಂಕುಳಿಗೆ ಕೈ ಕೊಟ್ಟು ಎತ್ತುವಾಗ ಅವಳು ಸೂರಿನ ಕಡೆ ಮುಖ ಮಾಡಿ, ತನ್ನದಲ್ಲದ ಯಾವುದೋ ಸಾಮಾನನ್ನು ನಾವು ಸಾಗಿಸುತ್ತಿದ್ದೇವೆ ಎಂಬಂತೆ ಇರುತ್ತಿದ್ದಳು. ನಾವು ಬರುವುದು ತಡವಾಗಿ ಒಮ್ಮೆ ಸೀರೆ ಒದ್ದೆಯಾಯಿತು. ಆಮೇಲೆ ಅವಳ ಲೋಟದ ನೀರು ಇಟ್ಟ ಹಾಗೆಯೇ ಇರತೊಡಗಿತು. ಕಥೆಯೂ ನಿಂತಿತು. ನಾನು ಕೇಳಲೂ ಇಲ್ಲ. ಯಾವ ಮುಖ ಇಟ್ಟುಕೊಂಡು ಕೇಳಲಿ?

ಮತ್ತೆ ಸಾಬರ ಅಡ್ಡೆಗೆ ಹೋದೆ. ಅವರಿಗೆ ಸುದ್ದಿ ಮುಟ್ಟಿತ್ತು. ಊರಿಗೆಲ್ಲ ಮುಟ್ಟಿತ್ತು.

“ಏನಮ್ಮಾ, ಈ ಸಲ ಜೊತೆಗೆ ಒಂದು ಕನ್ನಡಿಯೂ ಬೇಕಾ?” ಅಂದರು. ನಾನು ತಲೆ ಎತ್ತದೆ ಹಲಗೆ ಆರಿಸತೊಡಗಿದೆ. ಸಾಬರಿಗೆ ಕೆಡುಕೆನಿಸಿತೇನೋ, “ಹೋಗ್ಲಿ, ತಮಾಷೆಗೆ ಅಂದೆ. ನಮ್ಮನೇಲಿ ನಾನು ಬೇಗಮ್‌ಗೆ ಅಂತ ಮಾಡಿದ ಮಂಚ ಇದೆಯಲ್ಲ, ಅದು ಮೇಕೆ ನೋಡುತ್ತೆ. ಅವತ್ತು ಮೇಕೆ ಕಳೆದುಹೋಗಿತ್ತು,” ಎಂದು ತಾವೇ ಬಂದು ಚೊಕ್ಕಟದ ಹಲಗೆಗಳನ್ನು ಎತ್ತಿಕೊಟ್ಟರು.

ಎರಡನೆಯ ಕುರ್ಚಿಗೆ ಚೆಂದ ಬೇಡ, ಎಣ್ಣೆ ಬೇಡ, ವಿಡಿಯೊ ಬೇಡ ಎಂದು ತೀರ್ಮಾನಿಸಿದೆ. ಹಿತ್ತಲಿನ ಬಾಗಿಲು ಹಾಕಿಕೊಂಡು, ಒಂದೊಂದು ಏಟಿಗೂ “ಪುಟ್ಟನಂಜಮ್ಮ, ಪುಟ್ಟನಂಜಮ್ಮ” ಎಂದು ಬಾಯಿಬಿಟ್ಟು ಹೇಳುತ್ತ ಹೊಡೆದೆ. ಸಿಬಿರು ಚುಚ್ಚಿಕೊಂಡರೂ ತೆಗೆಯಲು ನಿಲ್ಲಲಿಲ್ಲ. ಚುಚ್ಚಲಿ, ನನಗೆ ಆಗಬೇಕಾದ್ದೇ ಎಂದುಕೊಂಡೆ. ನನ್ನಂಥವಳು ಯಾಕಾದರೂ ಹುಟ್ಟಿದೆ ಎಂದುಕೊಂಡೆ. ಇನ್ನು ಬೀದಿಯಲ್ಲಿ ನಾನು ಹೇಗೆ ತಲೆ ಎತ್ತಲಿ, ಅಪ್ಪ ಬಂದರೆ ನನಗೇನು ಹೇಳುತ್ತಾನೆ, ಅಜ್ಜಿ ನನ್ನನ್ನು ಯಾವತ್ತಾದರೂ ಕ್ಷಮಿಸುತ್ತಾಳೋ ಇಲ್ಲವೋ. ಅಳುತ್ತಲೇ ಕೊನೆಯ ಮೊಳೆ ಹೊಡೆದು, ಕಣ್ಣೊರೆಸಿಕೊಂಡು, ಬಾವಿಕಟ್ಟೆಯ ಕಡೆ ನಡೆದೆ.

ಕುರ್ಚಿ ಬಾವಿಕಟ್ಟೆಯ ಕಡೆ ತಿರುಗಿತು.

ಸೀಗೆಗಿಡದ ಹತ್ತಿರ ಹೋದೆ. ಸೀಗೆಗಿಡದ ಕಡೆ ತಿರುಗಿತು. ಬಾಯಲ್ಲಿ ಅಜ್ಜಿಯ ಹೆಸರಿತ್ತು, ಆದರೆ ಅತ್ತದ್ದೆಲ್ಲ ನನಗಾಗಿಯೇ ಅತ್ತಿದ್ದೆ. ಹೊಗಳಿಕೆಯ ಆಸೆಯಲ್ಲೂ ನಾನೇ, ನಾಚಿಕೆಯಲ್ಲೂ ನಾನೇ. ಮೊದಲನೆಯದಕ್ಕಿಂತ ಇದಕ್ಕೆ ನನಗೆ ಹೆಚ್ಚು ನಾಚಿಕೆಯಾಯಿತು, ಹಾಗೆ ನಾಚಿಕೆಯಾಗುತ್ತಿದೆ ಎಂಬುದಕ್ಕೂ ನಾಚಿಕೆಯಾಯಿತು. ಯಾರೂ ನೋಡುವ ಮೊದಲು ಹಾರೆ ತೆಗೆದುಕೊಂಡು ಅದನ್ನು ಬಿಚ್ಚತೊಡಗಿದೆ.

“ಯಾಕೆ ಬಿಚ್ಚಿದ್ದು?”

ಹಿತ್ತಲಿನ ಕಿಟಕಿಗೆ ಒತ್ತಿಕೊಂಡೇ ಅಜ್ಜಿಯ ಮಂಚವಿದೆ ಎಂಬುದನ್ನೂ ನಾನು ಮರೆತಿದ್ದೆ. ಅವಳು ಸರಳು ಹಿಡಿದುಕೊಂಡು ನೋಡುತ್ತಿದ್ದಳು. ಎಷ್ಟು ಹೊತ್ತಿನಿಂದಲೋ.

“ಸರಿ ಬರಲಿಲ್ಲ ಅಜ್ಜಿ.”

“ನೋಡ್ದೆ. ಬಿಚ್ಚಿದ್ದು ಬೇಡ, ಮಿಕ್ಕಿರೋ ಹಲಗೆ, ಸುತ್ತಿಗೆ ಎಲ್ಲ ಒಳಗೆ ತಗೊಂಡು ಬಾ. ನಾನೇ ಹೊಡ್ಕೋತೀನಿ.”

ಅಡುಗೆಮನೆಯಿಂದ ಅಮ್ಮ ಓಡಿಬಂದಳು. ನಮ್ಮಲ್ಲಿ ತನಗೆ ಬೇಕಾದ ಆಸನವನ್ನು ತಾನೇ ಮಾಡಿಕೊಳ್ಳುವವರೆಂದರೆ ಹಿಂದೆ ಮುಂದೆ ಯಾರೂ ಇಲ್ಲದವರು. ಛತ್ರದ ಜಗಲಿಯಲ್ಲಿ ಅಂಥ ಒಂದೆರಡು ಸ್ಟೂಲುಗಳಿವೆ; ಅವುಗಳ ಮುಂದೆ ಹಾದುಹೋಗುವಾಗ ಜನ ಮಾತು ನಿಲ್ಲಿಸುತ್ತಾರೆ. “ಬೇಡಿ ಅತ್ತೆ,” ಅಂದಳು ಅಮ್ಮ. “ಮನೇಲಿ ಯಾರೂ ಜನ ಇರ್ಲಿಲ್ವಾ ಅಂತ ಊರು ಆಡ್ಕೊಳ್ಳುತ್ತೆ.”

“ಇದ್ದಾರಲ್ಲ ಜನ. ನೋಡಿದ್ದಾಯ್ತಲ್ಲ,” ಅಂದಳು ಅಜ್ಜಿ. ಅವಳು ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ಅದಕ್ಕೇ ನನಗೆ ಇನ್ನೂ ಚುಚ್ಚಿತು. ಆಮೇಲೆ ಸ್ವಲ್ಪ ನಕ್ಕಳು. “ನನ್ನ ಕುಂಡಿ ನನಗೆ ನೆನಪಿರದೆ ಇನ್ಯಾರಿಗೆ ನೆನಪಿರುತ್ತೆ ಹೇಳು. ಬಾರೇ, ಹಲಗೆ ಹಿಡ್ಕೋ.”

ಅವಳು ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತಳು. ಅವಳ ಮುಂದೆ ಸ್ಟೂಲಿಟ್ಟು, ಅದರ ಮೇಲೆ ಹಲಗೆಗಳನ್ನು ಜೋಡಿಸಿ ನಾನು ಹಿಡಿದುಕೊಂಡೆ. ಮೊದಲು ದಾರದಿಂದ ತನ್ನ ಅಳತೆ ತೆಗೆಯಲು ಹೇಳಿದಳು, ಹಿಮ್ಮಡಿಯಿಂದ ಮೊಣಕಾಲಿನವರೆಗೆ. ಆ ಎತ್ತರಕ್ಕೆ ಹಿಡಿದು ನೋಡಿದಾಗ ನಾನು ಮಾಡಿದ ಕುರ್ಚಿಗಳು ತೀರಾ ತಗ್ಗಾಗಿದ್ದವು ಎಂದು ಗೊತ್ತಾಯಿತು. ವಿಡಿಯೊದಲ್ಲಿದ್ದ ಅಳತೆ ಅದು, ಯಾರದೋ ಎಳೆಯ ಕಾಲುಗಳದ್ದು. “ಎಡಗಡೆ ಕೈಹಿಡಿ ದಪ್ಪ ಇರ್ಲಿ,” ಅಂದಳು. “ನಾನು ಊರಿ ಏಳೋದು ಎಡಗೈಲಿ.” ಒಂದೇ ಮನೆಯಲ್ಲಿದ್ದುಕೊಂಡು ಅದನ್ನೂ ನಾನು ನೋಡಿರಲಿಲ್ಲ.

ಅಜ್ಜಿಯ ಕೈ ನಡುಗುತ್ತಿತ್ತು. ಸುತ್ತಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಕಿರಿದು ಮಾಡಿ, ಉಸಿರು ಬಿಗಿಹಿಡಿದು ಹೊಡೆಯುತ್ತಿದ್ದಳು. ಮೊಳೆ ಬಾಗುತ್ತಿತ್ತು, ನಾನು ಕಿತ್ತು ನೆಟ್ಟಗೆ ಮಾಡಿ ಮತ್ತೆ ಹಿಡಿಯುತ್ತಿದ್ದೆ. “ಬೆರಳು ತೆಗಿ. ತೆಗಿ ಅಂದೆ. ಇನ್ನೂ ಕೆಳಗೆ. ಹಾ.” ಒಂದು ಏಟು. “ಸಿಬಿರು ನೋಡ್ಕೋ ಆ ಕಡೆ.” ಇನ್ನೊಂದು ಏಟು. ಕೆಲಸ ಮುಗಿಯುವವರೆಗೂ ಅವಳು ಬೇರೆ ಮಾತಾಡಲಿಲ್ಲ. ಅಮ್ಮ ಇಟ್ಟುಹೋದ ನೀರನ್ನು, ಎಷ್ಟು ದಿನಗಳ ಮೇಲೋ, ಗಟಗಟನೆ ಕುಡಿದಳು. ನನ್ನ ಕುರ್ಚಿಗಳ ಮುಂದೆ ಇದು ಕುರೂಪಿ. ಬೆನ್ನು ಸೊಟ್ಟ, ಒಂದು ಮೊಳೆಯ ತಲೆ ಹೊರಗೇ ಉಳಿದಿತ್ತು. ಆದರೆ ಗಟ್ಟಿಯಾಗಿತ್ತು.

“ಸರಿ, ಎಬ್ಬಿಸಿ ನನ್ನ. ಇನ್ಮೇಲೆ ನಿಮ್ಮಿಬ್ಬರನ್ನೂ ಕರೆಯೋದಿಲ್ಲ,” ಅಂದಳು.

ನಾವಿಬ್ಬರೂ ಅವಳನ್ನು ಎಬ್ಬಿಸಿದೆವು, ಅಮ್ಮ ಕೋಲು ಕೊಟ್ಟಳು. ನಾನು ಕುರ್ಚಿಯನ್ನು ನೆಲಕ್ಕಿಳಿಸಿ, ಅಜ್ಜಿಯ ಕಡೆ ಮುಖ ಮಾಡಿಟ್ಟು, ಬಿದ್ದಿದ್ದ ಸಿಬಿರುಗಳನ್ನು ಗುಡಿಸಲು ಪೊರಕೆ ತರಲೆಂದು ಬಾಗಿಲ ಕಡೆ ಹೋದೆ. ಹಿಂದಿನಿಂದ ಕಿರ್ರೆಂದಿತು. ಸಾಮಾನಿನ ಕೋಣೆಯದು ಎಂದುಕೊಂಡೆ. ತಿರುಗಿ ನೋಡಿದರೆ ಅಜ್ಜಿಯ ಸೊಟ್ಟ ಕುರ್ಚಿ ನನ್ನತ್ತ ಮಡಿಲು ಮಾಡಿ ನಿಂತಿತ್ತು.

ನಾನು ಎಡಕ್ಕೆ ಸರಿದೆ. ಅದೂ ಸರಿಯಿತು. ಗೋಡೆಯಾಚೆ ನನ್ನ ಕುರ್ಚಿಯೂ ಕಾಲೆಳೆದ ಸದ್ದು ಬಂತು.

ಅಮ್ಮ ಅಲ್ಲೇ ನೆಲದ ಮೇಲೆ ಕುಸಿದು ಕುಳಿತು ನಗತೊಡಗಿದಳು. ನಗುತ್ತ ನಗುತ್ತ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಅಜ್ಜಿ ನಾಚಿಕೊಂಡದ್ದನ್ನು ನಾನು ನೋಡಿದ್ದು ಅದೇ ಮೊದಲು. ಏನೋ ಕದ್ದು ಸಿಕ್ಕಿಬಿದ್ದ ಹುಡುಗಿಯ ಹಾಗೆ ಕೋಲಿನ ತುದಿಯಿಂದ ನೆಲ ಕೆರೆದಳು.

“ಮುದುಕಿ ಕೈ, ನಡುಗುತ್ತೆ,” ಅಂದಳು. “ಎಲ್ಲಿ ನಿನ್ನ ಬೆರಳಿಗೆ ಹೊಡೆದುಬಿಡ್ತೀನೋ ಅಂತ... ಅದನ್ನೇ ನೋಡ್ತಿದ್ದೆ. ಕೂರೋದು ಎಲ್ಲಿ ನೆನಪಾಯ್ತು.”

ನನಗೆ ಅಳುವುದಕ್ಕೂ ಧೈರ್ಯ ಬರಲಿಲ್ಲ. ನಾನು ಹೊಡೆದ ಮೊಳೆಗಳೂ ನನ್ನವು, ಅವಳು ಹೊಡೆದವೂ ನನ್ನವು. ಮನೆಯಲ್ಲಿ ಎರಡು ಹೊಸ ಕುರ್ಚಿ, ಅಜ್ಜಿಗೆ ಒಂದೂ ಇಲ್ಲ. ಅವಳು ಕೋಲೂರಿಕೊಂಡು ಇನ್ನೂ ನಿಂತೇ ಇದ್ದಳು. ನಾನು ಬಾಗಿಲಲ್ಲೇ ನಿಂತು ನನ್ನ ಕಾಲ್ಬೆರಳು ನೋಡಿಕೊಳ್ಳುತ್ತಿದ್ದೆ.

“ವಾರೀ,” ಎಂದು ಕರೆದಳು. “ಅಲ್ಲಿ ನಿಂತು ಏನು ಮಾಡ್ತೀಯ? ಬಾ ಇಲ್ಲಿ. ನನ್ನ ಮುಂದೆ ನಿಂತ್ಕೋ.”

ಹೋದೆ. ಕುರ್ಚಿ ನನ್ನ ಜೊತೆಗೇ ತಿರುಗಿ ಬಂತು. ಅಜ್ಜಿ ಅದಕ್ಕೆ ಬೆನ್ನು ಮಾಡಿ, ನನಗೆ ಮುಖ ಮಾಡಿ ನಿಂತಳು. ಈಗ ನಾನು, ಅವಳು, ಕುರ್ಚಿ ಒಂದೇ ಸಾಲಿನಲ್ಲಿದ್ದೆವು. ಕೋಲನ್ನು ಅಮ್ಮನತ್ತ ಚಾಚಿ, ತರಚಿದ್ದ ಕೈಯಿಂದ ನನ್ನ ಎರಡೂ ಕೈ ಹಿಡಿದುಕೊಂಡಳು. “ಅಲ್ಲಾಡಬೇಡ. ಫೋಟೊ ಗೀಟೊ ಏನೂ ಬೇಡ.” ನನ್ನ ಮುಖವನ್ನೇ ನೋಡುತ್ತ, ಹಿಂದೆ ತಿರುಗದೆ, ನಿಧಾನವಾಗಿ ಕೂತಳು. ಕುರ್ಚಿ ಒಮ್ಮೆ ಮುಲುಗಿ ಅವಳನ್ನು ಹೊತ್ತುಕೊಂಡಿತು.

ಅಂದಿನಿಂದ ಅಜ್ಜಿ ಕೂರಬೇಕೆಂದರೆ ನನ್ನನ್ನು ಕರೆಯಬೇಕು. ಕರೆಯುವುದು ಅವಳಿಗೆ ಕಷ್ಟ, ಕರೆಸಿಕೊಳ್ಳುವುದು ನನಗೆ ಕಷ್ಟ. ಅವಳು ಕರೆಯುವ ಮೊದಲೇ ಹೋಗಿ ನಿಲ್ಲೋಣವೆಂದು ಕಿವಿ ನೆಟ್ಟುಕೊಂಡಿರುತ್ತೇನೆ. ಅರ್ಧ ಸಲ ಮರೆಯುತ್ತೇನೆ, ಅವಳು ಕೋಲು ಕುಟ್ಟುತ್ತಾಳೆ. ನೀರು ಕುಡಿಯುತ್ತಿದ್ದಾಳೆ.

ನಿನ್ನೆ ಬೆಳಿಗ್ಗೆ ಬೀದಿ ನೋಡಬೇಕು ಅಂದಳು. ಕುರ್ಚಿಯನ್ನು ಹೊಸ್ತಿಲಿನ ಹತ್ತಿರಕ್ಕೆ ಒಯ್ದು ಅವಳನ್ನು ಕೂರಿಸಿದೆ. ಬೀದಿಯ ಕಡೆ ಮುಖ ಬರಬೇಕೆಂದರೆ ನಾನು ಬೀದಿಯಲ್ಲೇ ನಿಲ್ಲಬೇಕು. ಮನೆಯ ಮುಂದೆ, ಹೋಗಿಬರುವವರಿಗೆಲ್ಲ ಕಾಣುವ ಹಾಗೆ, ಕೈಯಲ್ಲಿ ಕೆಲಸವಿಲ್ಲದೆ ನಿಂತೆ. ಸೊಪ್ಪಿನವಳು ನಿಂತು ನೋಡಿ ಹೋದಳು. ಇಸ್ತ್ರಿ ಅಂಗಡಿಯವನು ಪೆಟ್ಟಿಗೆ ಎತ್ತಿಟ್ಟು ನೋಡಿದ. ಚಿಕ್ಕತಾಯಮ್ಮ ಕೊಡ ಸೊಂಟಕ್ಕಿಟ್ಟುಕೊಂಡು ಬಂದಳು.

“ಏನೇ ವಾರಿಜಾ, ಬಾಗಿಲಿಗೆ ತೋರಣದ ಬದಲು ನಿನ್ನನ್ನೇ ಕಟ್ಟಿದ್ದಾರಾ?”

ಕಿವಿಯ ತುದಿಯವರೆಗೂ ಬಿಸಿಯಾಯಿತು. ಒಳಗೆ ಓಡಿಹೋದರೆ ಅಜ್ಜಿ ಗೋಡೆಗೆ ತಿರುಗಿಬಿಡುತ್ತಾಳೆ. ನಿಂತೆ.

“ಸ್ವಲ್ಪ ಪಕ್ಕಕ್ಕೆ ಹೋಗೆ,” ಅಂದಳು ಅಜ್ಜಿ ಹಿಂದಿನಿಂದ. “ನೀನೇ ಅಡ್ಡ ಬರ್ತಿದ್ದೀಯ. ಏನೂ ಕಾಣ್ತಿಲ್ಲ.”

ಪಕ್ಕಕ್ಕೆ ಸರಿದೆ. ಕುರ್ಚಿ ಅಜ್ಜಿಯನ್ನು ಹೊತ್ತುಕೊಂಡು ಅತ್ತಲೇ ತಿರುಗಿತು. ಈ ಕಡೆ ಬಂದೆ, ಈ ಕಡೆ ತಿರುಗಿತು. ಎಲ್ಲಿ ಹೋದರೂ ನಾನೇ ಅವಳ ಕಣ್ಣಿನ ನಡುವೆ. ಬೀದಿಯವರು ಈಗ ಬಾಯಿಬಿಟ್ಟೇ ನಗುತ್ತಿದ್ದರು. ಇನ್ನೇನು ಮಾಡಲೂ ತೋಚದೆ ಮೆಟ್ಟಿಲ ಮೇಲೆ ಕುಕ್ಕರಿಸಿ, ತಲೆಯನ್ನು ಮೊಣಕಾಲಿನ ನಡುವೆ ತಗ್ಗಿಸಿದೆ.

“ಹಾ,” ಅಂದಳು ಅಜ್ಜಿ. “ಈಗ ಕಾಣ್ತು ನೋಡು. ಹಾಗೇ ಇರು.”